ಗಾಳದ ಕೋಲಿಗೊಂದು ನೀಲಿ ನೂಲು

ಹೊಳೆ ಎಡಕ್ಕೆ ತಿರುಗುವಲ್ಲಿ ಒಂದು ಹೊಂಗೆ ಮರ. ಮರದ ಕೆಳಗೊಂದು ಜೋಪಡಿ. ಜೋಪಡಿಯೊಳಗೆ ಗಾಳದ ಕೋಲು ಕಟ್ಟುವ ಹುಚ್ಚಯ್ಯನವರು.

ಅದು ಆಶ್ರಮವೇನಲ್ಲ. ಆದರೂ ಬಂದವರು ಚಪ್ಪಲಿ ಹೊರಗೆ ಬಿಡುತ್ತಿದ್ದರು. ಭಕ್ತಿಯಿಂದ ಅಂದುಕೊಳ್ಳಬೇಡಿ. ಒಳಗೆ ನೆಲದ ತುಂಬ ಕೋಲುಗಳು. ಒಂದನ್ನು ತುಳಿದರೂ ಹುಚ್ಚಯ್ಯನವರು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಆ ನೋಟ ಮನೆಯ ತನಕ ಹಿಂದೆ ಬರುತ್ತಿತ್ತು.

ಅವರಿಗೆ ಒಬ್ಬನೇ ಶಿಷ್ಯ, ಶಿವಮಲ್ಲು. ಹತ್ತನೇ ಕ್ಲಾಸಿನ ಗಣಿತಕ್ಕೆ ಇವನು ಎರಡು ಸಲ ಕೈಮುಗಿದಿದ್ದ. ಮೂರನೇ ಸಲ ಗಣಿತವೇ ಇವನಿಗೆ ಕೈಮುಗಿದ ಮೇಲೆ ಇಲ್ಲಿಗೆ ಬಂದಿದ್ದ. ಕೈ ಚುರುಕು, ಬಾಯಿ ಇನ್ನೂ ಚುರುಕು. ಬಂದ ಹೊಸತರಲ್ಲಿ ಗುರುಗಳ ನಶ್ಯದ ಡಬ್ಬಿಗೆ ಮೆಣಸಿನಪುಡಿ ಬೆರೆಸಿಟ್ಟು ಮೂಲೆಯಲ್ಲಿ ಕೂತು ಕಾದಿದ್ದ. ಗುರುಗಳು ಹನ್ನೊಂದು ಸಲ ಸೀನಿ, ಕಣ್ಣೊರೆಸಿಕೊಂಡು, ಈ ಸಲದ್ದು ಒಳ್ಳೇ ಮಾಲು ಕಣೋ ಎಂದು ಇವನಿಗೂ ಒಂದು ಚಿಟಿಕೆ ಕೊಟ್ಟರು. ಏರಿಸದೆ ವಿಧಿಯಿರಲಿಲ್ಲ.

ಅಂಥ ಶಿಷ್ಯನಿಗೂ ಒಂದು ಆಸೆಯಿತ್ತು. ಅದೊಂದರಲ್ಲಿ ಮಾತ್ರ ತಮಾಷೆಯಿರಲಿಲ್ಲ.

ಹುಚ್ಚಯ್ಯನವರ ಕೋಲಿಗೆ ಹಿಡಿಯ ಮೇಲೆ ಎರಡು ಬೆರಳಗಲ ಅರಿಶಿನ ಬಣ್ಣದ ರೇಷ್ಮೆ ನೂಲು ಸುತ್ತಿರುತ್ತಿತ್ತು. ಅದು ಅವರ ಗುರುತು. ಕೋಲೆಲ್ಲ ಮುಗಿದ ಮೇಲೆ, ಒಯ್ಯುವವರ ಎದುರಿಗೇ ಅದನ್ನು ಕಟ್ಟುವುದು ಪದ್ಧತಿ. ಗಂಟು ಕಾಣಬಾರದು, ನೂಲಿನ ಕೊನೆ ಸುತ್ತಿನ ಅಡಿಗೇ ನುಸುಳಿ ಮಾಯವಾಗಬೇಕು. ಹೊಳೆಯುದ್ದಕ್ಕೂ ಯಾರ ಕೈಲಾದರೂ ಅರಿಶಿನ ಪಟ್ಟಿ ಕಂಡರೆ ಸಾಕು, ಹುಚ್ಚಯ್ಯನವರದ್ದಾ ಎಂದು ಜನ ಕೇಳುತ್ತಿದ್ದರು.

ಶಿಷ್ಯನಿಗೆ ಅವನದೇ ಬಣ್ಣ ಸಿಗುವುದು ಗುರು ಕೊಟ್ಟಾಗ. ಅಲ್ಲಿಯವರೆಗೆ ಬಿದಿರು ಕಾಯಿಸಿದ್ದು ಇವನೇ, ಗಿಣ್ಣು ಉಜ್ಜಿದ್ದು ಇವನೇ ಆದರೂ ಪಟ್ಟಿ ಮಾತ್ರ ಅರಿಶಿನ.

ಶಿವಮಲ್ಲು ತನ್ನ ಬಣ್ಣವನ್ನು ಬಂದ ವರ್ಷವೇ ಆರಿಸಿಟ್ಟಿದ್ದ. ನೀಲಿ. ಸಂತೆಯಲ್ಲಿ ಕೊಂಡ ನೀಲಿ ರೇಷ್ಮೆಯ ಉಂಡೆಯೊಂದು ಮೂರು ವರ್ಷದಿಂದ ಅವನ ಅಂಗಿಯ ಜೇಬಿನಲ್ಲಿ ಕೂತಿತ್ತು. ಅಂಗಿ ಬದಲಾದರೆ ಉಂಡೆಯೂ ಜೇಬು ಬದಲಿಸುತ್ತಿತ್ತು. ದಿನಕ್ಕೆ ಹತ್ತು ಸಲ ಮುಟ್ಟಿ ನೋಡಿಕೊಳ್ಳುತ್ತಿದ್ದ.

"ಬುದ್ಧಿ, ನನ್ನ ಬಣ್ಣ ಯಾವಾಗ?"

"ಈ ಕೋಲಿನ ಬೆನ್ನೆಲ್ಲಿದೆ, ಹೇಳು."

ಯಾವಾಗ ಕೇಳಿದರೂ ಇದೇ ಉತ್ತರ.

ಪ್ರತಿ ಬಿದಿರಿಗೂ ಒಂದು ಬೆನ್ನು ಇರುತ್ತದೆ, ಬಗ್ಗಲು ಅದಕ್ಕೆ ಇಷ್ಟವಾದ ಒಂದು ಕಡೆ ಇರುತ್ತದೆ ಎನ್ನುವುದು ಹುಚ್ಚಯ್ಯನವರ ಪಾಠ. ಬುಡವನ್ನು ನೆಲಕ್ಕೂರಿ, ತುದಿಯನ್ನು ಅಂಗೈಯಲ್ಲಿ ಹಿಡಿದು, ನಡುವನ್ನು ಒತ್ತಿ ಬಗ್ಗಿಸಿ ಮೆಲ್ಲಗೆ ಉರುಳಿಸಬೇಕು. ಉರುಳುತ್ತ ಉರುಳುತ್ತ ಒಂದು ಕಡೆ ಕೋಲು ತಾನಾಗಿಯೇ ತಟ್ಟನೆ ಹೊರಳಿ ಕೂರುತ್ತದೆ. ಅಲ್ಲಿಗೆ ಇದ್ದಲಿನಿಂದ ಒಂದು ಚುಕ್ಕಿ. ದಾರ ಓಡುವ ಉಂಗುರಗಳನ್ನು ಆ ಚುಕ್ಕಿಯ ನೇರಕ್ಕೇ ಕಟ್ಟಬೇಕು. ತಪ್ಪಿಸಿ ಕಟ್ಟಿದರೆ ಮೀನು ಎಳೆದಾಗ ಕೋಲು ಹಿಡಿದವರ ಕೈಯೊಳಗೇ ತಿರುಚಿಕೊಳ್ಳುತ್ತದೆ.

ಇದನ್ನು ಎಲ್ಲರೂ ಒಪ್ಪುತ್ತಿರಲಿಲ್ಲ. ಜೋಪಡಿಗೆ ಬರುವವರ ಬಾಯಲ್ಲಿ ಕೋಲಿಗಿಂತ ಅಭಿಪ್ರಾಯ ಉದ್ದ. ಒಬ್ಬ ಹದಿಮೂರು ಉಂಗುರ ಬೇಕು ಎನ್ನುತ್ತಿದ್ದ, ಇನ್ನೊಬ್ಬ ಆರು ಸಾಕು, ಮಿಕ್ಕಿದ್ದೆಲ್ಲ ಒಡವೆ ಎನ್ನುತ್ತಿದ್ದ. ಹಿಡಿಗೆ ಹುರಿ ಸುತ್ತಬೇಕೋ ಬೆಂಡು ಹಾಕಬೇಕೋ ಎಂಬ ಜಗಳದಲ್ಲಿ ಇಬ್ಬರು ಷಡ್ಡಕರು ಮಾತು ಬಿಟ್ಟಿದ್ದರು. ಆಚೆ ದಡದಲ್ಲಿ ಕೋಲು ಕಟ್ಟುವ ಪುಟ್ಟಮಾದುವಂತೂ ಬೆನ್ನೂ ಇಲ್ಲ ಸೊಂಟವೂ ಇಲ್ಲ, ಒಂದು ಕಣ್ಣು ಮುಚ್ಚಿ ನೋಡಿ, ನೆಟ್ಟಗೆ ಕಂಡ ಕಡೆ ಉಂಗುರ ಕಟ್ಟಿ ಎಂದು ಸಾರಿಕೊಂಡು ಬರುತ್ತಿದ್ದ.

ಹುಚ್ಚಯ್ಯನವರು ಎಲ್ಲರಿಗೂ ಇರಬಹುದು ಎಂದು ಹೇಳಿ ಟೀ ಕೊಡುತ್ತಿದ್ದರು.

ಶಿವಮಲ್ಲುವಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. "ಎಲ್ಲಾರ್ಗೂ ಇರಬೋದು ಅಂದ್ರೆ ಹೆಂಗೆ ಬುದ್ಧಿ? ಸರಿ ಯಾವ್ದು?"

"ಮೀನನ್ನ ಕೇಳು."

"ಮೀನು ಮಾತಾಡ್ತದಾ?"

"ಹಿಡಿದವರ ಕೈಗೆ ಹೇಳ್ತದೆ."

ಅಂದು ಗುರುಗಳು ಹೊಸ ಕೋಲೊಂದರ ಬೆನ್ನು ಹುಡುಕಿ, ಚುಕ್ಕಿಯಿಟ್ಟು, ಸ್ನಾನಕ್ಕೆ ಹೊಳೆಗಿಳಿದರು. ಯಾರೋ ಹೇಳಿ ಮಾಡಿಸುತ್ತಿದ್ದ ಕೋಲು. ಯಾರು ಎಂದು ಶಿವಮಲ್ಲು ಕೇಳಿರಲಿಲ್ಲ.

ಕೋಲು ಅವನ ಮುಂದೆ ಬಿದ್ದಿತ್ತು. ಚುಕ್ಕಿ ಅವನನ್ನೇ ನೋಡುತ್ತಿತ್ತು.

ಅವನ ತಲೆಯೊಳಗೆ ಪುಟ್ಟಮಾದು ಕೆಮ್ಮಿದ. ಬೆನ್ನು ಎನ್ನುವುದು ನಿಜವಾಗಿದ್ದರೆ ಗುರುಗಳ ಕೈಗೆ ಗೊತ್ತಾಗಲೇಬೇಕು. ಗೊತ್ತಾಗದಿದ್ದರೆ ಒಂದು ತಿಂಗಳು ನಗಲು ಸರಕಾಯಿತು. ಶಿವಮಲ್ಲು ಎಂಜಲು ಹಚ್ಚಿ ಚುಕ್ಕಿ ಅಳಿಸಿದ. ಕೋಲನ್ನು ಕಾಲು ಸುತ್ತು ತಿರುಗಿಸಿ, ಅಲ್ಲಿ ಇನ್ನೊಂದು ಚುಕ್ಕಿಯಿಟ್ಟ. ಖುಷಿಗೆ ಜೇಬಿನ ಉಂಡೆಯನ್ನು ಒಮ್ಮೆ ತಟ್ಟಿಕೊಂಡ.

ಗುರುಗಳು ಬಂದರು. ತಲೆ ಒರೆಸಿಕೊಂಡರು. ಕೋಲನ್ನು ಎತ್ತಿಕೊಂಡರು, ಶಿವಮಲ್ಲುವನ್ನು ಒಮ್ಮೆ ನೋಡಿದರು, ಚುಕ್ಕಿಯ ನೇರಕ್ಕೇ ಎಂಟು ಹಿತ್ತಾಳೆ ಉಂಗುರ ಕಟ್ಟಿದರು. ವಾರ್ನಿಷ್ ಬಳಿದರು.

ಶಿವಮಲ್ಲು ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ಮರದ ಹಿಂದೆ ಹೋಗಿ ನಕ್ಕ.

ಮೂರನೇ ದಿನ ಬೆಳಗ್ಗೆ ಕೋಲು ಒಯ್ಯಲು ಕೆಂಪಾಜಮ್ಮ ಬಂದಳು.

ಇಪ್ಪತ್ತೈದು ವರ್ಷ ಈ ಹೊಳೆಯಲ್ಲಿ ಹರಿಗೋಲು ಹಾಕಿದ ಹೆಂಗಸು. ಸೇತುವೆ ಬಂದ ಮೇಲೆ ಹರಿಗೋಲು ಮಗುಚಿ ಹಾಕಿ, ಅದೇ ಸೇತುವೆಯ ಕೆಳಗೆ ಗಾಳ ಹಿಡಿದು ಕೂತವಳು. ನನ್ನ ಅನ್ನ ತಿಂದ ಸೇತುವೆ ನೆರಳಾದರೂ ಕೊಡಲಿ ಎಂದು ನಗುತ್ತಿದ್ದಳು. ಗುರುಗಳಿಗೆಂದು ಹುರಿದ ಹುರುಳಿಕಾಳು ಕಟ್ಟಿಕೊಂಡು ಬಂದಿದ್ದಳು. ಅದನ್ನು ಎಡಗೈಯಲ್ಲಿ ಬಿಚ್ಚಿದಳು.

ಬಲಗೈ ಮಣಿಕಟ್ಟು ಸೊಟ್ಟಗಿತ್ತು. ಹಿಂದೊಮ್ಮೆ ಪ್ರವಾಹದಲ್ಲಿ ಹರಿಗೋಲಿನ ಹುಟ್ಟು ಬಂಡೆಗೆ ಸಿಕ್ಕಿ ಕೈ ಮುರಿದದ್ದಂತೆ; ಕೂಡಿಕೊಳ್ಳುವಾಗ ಸೊಟ್ಟಗೆ ಕೂಡಿಕೊಂಡಿತಂತೆ. ಭಾರ ಎಷ್ಟಾದರೂ ತಡೆಯುತ್ತದೆ, ತಿರುಚಿದರೆ ಮಾತ್ರ ನೋವು ಭುಜಕ್ಕೇರಿ ಕಣ್ಣಿಗೆ ಕತ್ತಲೆ ಬರುತ್ತದೆ ಎಂದಳು. ಹಳೇ ಕೋಲು ತಿರುಚುತ್ತದೆಂದು ಮೂರು ತಿಂಗಳಿಂದ ಹೊಳೆಯ ಕಡೆ ಬಂದಿರಲಿಲ್ಲ. ಸೊಸೆ ಮಾರ್ಕೆಟ್ಟಿನಿಂದ ಮೀನು ತಂದು ಹಾಕುತ್ತಾಳಂತೆ. ಉಪ್ಪು ಖಾರ ಎಲ್ಲ ಸರಿಯಾಗಿಯೇ ಇದ್ದರೂ ಗಂಟಲಿಗಿಳಿಯುವುದಿಲ್ಲವಂತೆ.

"ಕೈಯಾಗೆ ತಿರುಗ್ದಿರೋ ಅಂಥದ್ದು ಒಂದು ಕೊಟ್ಬುಡಣ್ಣ," ಎಂದಳು. "ಇದೊಂದು ಕೋಲು ಸಾಕು ನಂಗೆ. ಸಾಯೋಗಂಟ ಕೂತ್ಕೊತೀನಿ."

ಶಿವಮಲ್ಲುವಿನ ಬಾಯಲ್ಲಿದ್ದ ಹುರುಳಿಕಾಳು ಅಲ್ಲೇ ನಿಂತಿತು.

ಗುರುಗಳು ಮಾತ್ರ ಹಾಯಾಗಿ ಕಾಳು ಅಗಿಯುತ್ತ, ವಾರ್ನಿಷ್ ಇನ್ನೂ ಒಣಗಿಲ್ಲ, ಸ್ವಲ್ಪ ಕೂರು ತಾಯಿ ಎಂದರು. ಒಣಗಿ ಕಲ್ಲಾಗಿದೆ ಎಂದು ಶಿವಮಲ್ಲುವಿಗೆ ಗೊತ್ತು. ಗುರುಗಳಿಗೆ ಕಣ್ಣು ಮಂಜಾಗಿರಬೇಕು ಅಂದುಕೊಂಡ.

ಅವನು ಎದ್ದು ಹೊಳೆಯ ತನಕ ಹೋದ. ನೀರಿಗೆ ಒಂದು ಕಲ್ಲು ಎಸೆದ.

ಬಾಯಿ ಬಿಡದಿದ್ದರೆ ಏನೂ ಆಗುವುದಿಲ್ಲ. ಕೋಲಿನ ಮೇಲೆ ಬೀಳುವುದು ಅರಿಶಿನ ಪಟ್ಟಿ. ಅವಳು ಬೈದರೂ ಅರಿಶಿನಕ್ಕೇ ಬೈಯುತ್ತಾಳೆ. ಬಾಯಿ ಬಿಟ್ಟರೆ ನೀಲಿ ಉಂಡೆಯನ್ನು ಈಗಲೇ ಈ ಕಲ್ಲಿನ ಹಿಂದೆ ಎಸೆದುಬಿಡಬಹುದು. ಗುರುವಿನ ಚುಕ್ಕಿ ಅಳಿಸಿದವನಿಗೆ ಬಣ್ಣ ಯಾರು ಕೊಡುತ್ತಾರೆ?

ಇನ್ನೊಂದು ಕಲ್ಲು ಎತ್ತಿಕೊಂಡ. ಎಸೆಯಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ವಾಪಸ್ಸು ಬಂದ.

ಒಳಗೆ ಕೆಂಪಾಜಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತಿದ್ದಳು. ಗುರುಗಳು ಅರಿಶಿನ ನೂಲಿನ ತುದಿಯನ್ನು ಹಿಡಿಯ ಮೇಲಿಟ್ಟು ಹೆಬ್ಬೆರಳಲ್ಲಿ ಒತ್ತಿದ್ದರು. ಒಂದು ಸುತ್ತು ಬಂತು. ಎರಡನೆಯದು ಬಂತು.

"ಅಮ್ಮ, ಆ ಕೋಲು ಬೇಡ," ಎಂದ ಶಿವಮಲ್ಲು.

ಕೆಂಪಾಜಮ್ಮ ತಿರುಗಿ ನೋಡಿದಳು.

"ಅದು ತಿರುಚ್ತದೆ. ಚುಕ್ಕಿ ನಾನು ಸರಿಸ್ಬುಟ್ಟೆ ಬುದ್ಧಿ. ತಮಾಷೆಗೆ."

ಗುರುಗಳ ಕೈ ನಿಂತಿತು. "ಗೊತ್ತು," ಎಂದರು.

"ಗೊತ್ತಿತ್ತಾ?"

"ನಾನು ಸ್ನಾನ ಮುಗಿಸಿ ಬಂದಾಗ ನಿನ್ನ ಜೇಬಿನ ಮೇಲೆ ಐದೂ ಬೆರಳಿನ ಇದ್ದಲು ಗುರುತಿತ್ತು."

ಶಿವಮಲ್ಲು ಬಗ್ಗಿ ಜೇಬು ನೋಡಿಕೊಂಡ. ಮೂರು ದಿನದಿಂದ ಅದೇ ಅಂಗಿ. ಇದ್ದಲು ಇನ್ನೂ ಅಲ್ಲೇ ಇತ್ತು.

"ಗೊತ್ತಿದ್ದೂ ಯಾಕೆ ಕಟ್ಟಿದ್ರಿ?"

"ಕೋಲನ್ನ ಒತ್ತಿ ನೋಡಿದ್ದೆ. ನಿನ್ನನ್ನ ಇನ್ನೂ ಒತ್ತಿ ನೋಡಿರ್ಲಿಲ್ಲ."

ಕೆಂಪಾಜಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಓಹೋ. ಗುರು ಶಿಷ್ಯ ಇಬ್ರೂ ಸೇರ್ಕೊಂಡು ನನ್ನ ಕೈ ಪಣಕ್ಕೆ ಮಡಗಿ ಆಟ ಆಡ್ತಿದ್ರಾ?"

ಹುಚ್ಚಯ್ಯನವರು ಕೋಲನ್ನು ಕೆಳಗಿಟ್ಟು, ಎರಡೂ ಕೈ ಜೋಡಿಸಿದರು. "ನನ್ನದೂ ತಪ್ಪು ತಾಯಿ. ಆ ಕೋಲು ಹೊಸಲು ದಾಟಕ್ಕೆ ಬಿಡ್ತಿರ್ಲಿಲ್ಲ. ಆದ್ರೂ ತಪ್ಪು."

ಗುರುಗಳು ಯಾರಿಗಾದರೂ ತಪ್ಪಾಯಿತು ಅಂದದ್ದನ್ನು ಶಿವಮಲ್ಲು ಕಂಡಿರಲಿಲ್ಲ. ನಶ್ಯದ ದಿನಕ್ಕಿಂತ ಜೋರಾಗಿ ಅವನ ಕಣ್ಣು ಉರಿಯಿತು.

ಗುರುಗಳು ಅವನ ಕಡೆ ಬ್ಲೇಡು ತಳ್ಳಿದರು. ಆಮೇಲೆ ಹೊಳೆಯ ಕಡೆ ಮುಖ ಮಾಡಿ ಕೂತುಬಿಟ್ಟರು.

ಶಿವಮಲ್ಲು ಎಂಟು ಉಂಗುರವನ್ನೂ ಬಿಚ್ಚಿದ. ಅರಿಶಿನ ನೂಲಿನ ಎರಡು ಸುತ್ತನ್ನೂ ಬಿಡಿಸಿದ. ವಾರ್ನಿಷ್ ಕೆರೆದು, ಉಜ್ಜಿ, ಬಿದಿರನ್ನು ಬೆತ್ತಲೆ ಮಾಡಿದ. ಚುಕ್ಕಿಯೆಲ್ಲ ಅಳಿಸಿಹೋಗಿತ್ತು. ಕೇಳಿದರೂ ಹೊಳೆ ನೋಡುತ್ತಿದ್ದವರು ಹೇಳುವಂತಿರಲಿಲ್ಲ.

ಬುಡವನ್ನು ನೆಲಕ್ಕೂರಿದ. ನಡುವನ್ನು ಒತ್ತಿದ. ಉರುಳಿಸಿದ. ಬಿದಿರು ಎಲ್ಲ ಕಡೆಯೂ ಒಂದೇ ಅನ್ನಿಸಿತು. ಮೂರು ವರ್ಷವೂ ಅವನಿಗೆ ಹಾಗೇ ಅನ್ನಿಸಿತ್ತು. ಗುರುಗಳು ಚುಕ್ಕಿಯಿಟ್ಟ ಮೇಲೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದ ಅಷ್ಟೆ. ಕಣ್ಣು ಮುಚ್ಚಿದ. ಕೆಂಪಾಜಮ್ಮನ ಸೊಟ್ಟ ಮಣಿಕಟ್ಟು ಕಂಡಿತು. ಇನ್ನೂ ಮೆಲ್ಲಗೆ ಉರುಳಿಸಿದ.

ಅಂಗೈಯೊಳಗೆ ಬಿದಿರು ತಟ್ಟನೆ ಹೊರಳಿತು. ನಿದ್ದೆಯಲ್ಲಿರುವವರು ಮಗ್ಗುಲು ಬದಲಿಸಿದ ಹಾಗೆ.

ಅವನು ಬೆಚ್ಚಿ ಕಣ್ಣು ಬಿಟ್ಟ. ಮತ್ತೆ ಉರುಳಿಸಿದ. ಮತ್ತೆ ಅಲ್ಲಿಗೇ ಬಂದು ಕೂತಿತು. ಹತ್ತು ಸಲ ಉರುಳಿಸಿದ, ಹತ್ತು ಸಲವೂ ಅಲ್ಲೇ. ಚುಕ್ಕಿಯಿಟ್ಟ. ಪುಟ್ಟಮಾದುವನ್ನು ಒಂದು ದಿನ ಕರೆದು ಟೀ ಕೊಡಬೇಕು ಅಂದುಕೊಂಡ.

ಕೆಂಪಾಜಮ್ಮ ಮನೆಗೆ ಹೋಗಲಿಲ್ಲ. ಕೋಲಿನ ತುದಿ ಹಿಡಿದು ತಿರುಗಿಸಿಕೊಟ್ಟಳು, ಇವನು ಉಂಗುರಗಳಿಗೆ ನೂಲು ಸುತ್ತಿದ. ಸುತ್ತು ಸಡಿಲವಾದ ಕಡೆಯೆಲ್ಲ ಅವಳೇ ಗದರಿ ಬಿಚ್ಚಿಸಿದಳು. ಹೊತ್ತು ಇಳಿಯುವುದರೊಳಗೆ ಎಂಟೂ ಉಂಗುರ ನೇರಕ್ಕೆ ನಿಂತವು. ವಾರ್ನಿಷ್ ಬಳಿದಾಯಿತು. ಇದು ಮಾತ್ರ ನಿಜವಾಗಲೂ ಒಣಗಬೇಕು ಎಂದು ಗುರುಗಳು ಹೊಳೆಯ ಕಡೆಯಿಂದಲೇ ಹೇಳಿದರು.

ನಾಲ್ಕು ದಿನ ಬಿಟ್ಟು ಅವಳು ಬಂದಳು. ಪಟ್ಟಿ ಆಮೇಲೆ, ಮೊದಲು ಮೀನು ಏನು ಹೇಳ್ತದೋ ಕೇಳೋಣ ಎಂದು ಕೋಲು ಕಿತ್ತುಕೊಂಡು ನೇರ ನೀರಿಗೆ ಹೋದಳು. ಶಿವಮಲ್ಲು ದಡದಲ್ಲಿ ಕುಕ್ಕರಗಾಲಲ್ಲಿ ಕೂತ. ಅವನ ಜೀವವೆಲ್ಲ ಅವಳ ಮಣಿಕಟ್ಟಿನಲ್ಲಿತ್ತು.

ಗೆಂಡೆ ಮೀನು ಕಚ್ಚಿತು. ಸಣ್ಣದಲ್ಲ. ಕೋಲು ಬಿಲ್ಲಿನಂತೆ ಬಗ್ಗಿತು. ಮೀನು ಎಡಕ್ಕೆ ಎಳೆಯಿತು, ಬಲಕ್ಕೆ ಎಳೆಯಿತು. ಉಂಗುರಗಳು ದಾರದ ನೇರಕ್ಕೇ ಇದ್ದವು. ಸೊಟ್ಟ ಮಣಿಕಟ್ಟು ಕೂಸನ್ನು ಎತ್ತಿಕೊಂಡವರ ಕೈಯಷ್ಟು ನಿಶ್ಚಿಂತೆಯಾಗಿ ಇತ್ತು.

"ಲೋ ಮಲ್ಲು," ಎಂದಳು ಕೆಂಪಾಜಮ್ಮ, ನೀರಿನಿಂದ ಕಣ್ಣು ತೆಗೆಯದೆ. "ನಿನ್ನ ಕಿವಿ ಹಿಂಡ್ಬೇಕು ಅಂತಲೇ ಬಂದಿದ್ದೆ ಕಣಪ್ಪ. ಈಗ ಕೈ ಖಾಲಿಯಿಲ್ಲ."

ಶಿವಮಲ್ಲು ಒಳಗೆ ಓಡಿದ. ಪಟ್ಟಿ ಒಂದೇ ಬಾಕಿ. ಅರಿಶಿನ ನೂಲಿನ ಉಂಡೆ ತಂದು ಎರಡೂ ಕೈಯಲ್ಲಿ ಗುರುಗಳ ಮುಂದೆ ಹಿಡಿದ.

ಹುಚ್ಚಯ್ಯನವರು ತೆಗೆದುಕೊಳ್ಳಲಿಲ್ಲ. "ಜೇಬಲ್ಲಿರೋದು ತೆಗಿ," ಎಂದರು.

ಶಿವಮಲ್ಲು ಜೇಬು ಮುಟ್ಟಿಕೊಂಡ. ಉಂಡೆ ಅಲ್ಲೇ ಇತ್ತು. ಬೆರಳು ಮಾತ್ರ ಒಳಗೆ ಹೋಗಲಿಲ್ಲ.

"ತಪ್ಪು ಮಾಡಿದ್ದು ನಾನು, ಬುದ್ಧಿ."

"ಅದಕ್ಕೇ ಕಣ್ಲಾ. ನಾಳೆ ಈ ಕೋಲು ತಿರುಚಿದ್ರೆ ಯಾರನ್ನ ಬೈಬೇಕು ಅಂತ ಅವಮ್ಮಂಗೆ ಗೊತ್ತಿರ್ಬೇಕಲ್ಲ."