ನಾಳೆಯೂ ಬರುತ್ತೀಯಾ

ಚೆನ್ನವೀರ ಗುರುಗಳನ್ನು ಕೇಳಿದ: "ಹನ್ನೆರಡು ವರ್ಷದಿಂದ ನಿಮ್ಮ ಮುಂದೆ ಕೂತು ಮಂತ್ರ ಹೇಳುತ್ತಿದ್ದೇನೆ. ಜೊತೆಯವರೆಲ್ಲ ಕಲಿತು ಹೋದರು, ಮಠದಲ್ಲಿ ನಾನೊಬ್ಬನೇ ಉಳಿದೆ. ಮೂಡಲ ಮಠದವರು ಪಾಠ ಹೇಳಲು ಬಾ ಎಂದು ಎರಡು ಸಲ ಹೇಳಿ ಕಳಿಸಿದರು. ನೀವು ನೋಡಿದರೆ ಇನ್ನೂ ದಿನಕ್ಕೊಂದು ತಪ್ಪು ಹಿಡಿಯುತ್ತೀರಿ. ನನ್ನ ಉಚ್ಚಾರ ಸರಿಹೋಗುವುದು ಯಾವಾಗ, ಗುರುಗಳೇ?"

ಗುರುಗಳು ಹೇಳಿದರು: "ಮೊದಲು ಕೂತುಕೋ. ಇದು ನಿಂತು ಕೇಳುವ ಕತೆಯಲ್ಲ.

"ಹುಬ್ಬಳ್ಳಿಯಲ್ಲಿ ಒಬ್ಬ ದರ್ಜಿ ಇದ್ದ. ಅವನಿಗೆ ಹಾಂಕಾಂಗಿನ ಹೊಲಿಗೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ದೀಪಾವಳಿಯೊಳಗೆ ಅಲ್ಲಿನ ಕ್ಯಾಂಟನೀಸ್ ಮಾತು ಕಲಿತು ಬರಬೇಕು, ಇಲ್ಲವಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇವೆ ಎಂದರು. ಅದೇ ಪೇಟೆಯಲ್ಲಿ ಒಬ್ಬ ಚೀನೀ ಅಜ್ಜಿ ಇದ್ದಳು. ಅವಳ ಗಂಡ ಹಲ್ಲು ಕಟ್ಟುತ್ತಿದ್ದ. ಅವನು ಸತ್ತು ಹತ್ತು ವರ್ಷವಾಗಿತ್ತು. ಅಂದಿನಿಂದ ಅವಳೊಡನೆ ಅವಳ ಮಾತಿನಲ್ಲಿ ಮಾತಾಡುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

"ದರ್ಜಿ ದಿನಾ ಬೆಳಿಗ್ಗೆ ಅವಳ ಮನೆಗೆ ಹೋಗತೊಡಗಿದ. ಅವಳು ಒಂದು ಶಬ್ದ ಹೇಳುವಳು, ಅದಕ್ಕೊಂದು ವಾಕ್ಯ ಹೇಳುವಳು. 'ಫಾನ್' ಎಂದು ದನಿ ತಗ್ಗಿಸಿದರೆ ಅನ್ನ. ಅದನ್ನೇ ಏರಿಸಿದರೆ ಹಿಂತಿರುಗುವುದು. ಅನ್ನಕ್ಕೆ ವಾಕ್ಯ, 'ಅನ್ನ ಆರಿಹೋಗುತ್ತೆ, ಬೇಗ ಬಾ.' ಬಾಗಿಲಿಗೆ, 'ಬಾಗಿಲು ತೆಗಿ, ನಾನು ಬಂದೆ.' ನಾಳೆಗೆ, 'ನಾಳೆಯೂ ಬರುತ್ತೀಯಾ?' ಈ ನಾಳೆಯ ಹತ್ತಿರ ಪಾಠ ನಿಂತೇಬಿಟ್ಟಿತು. ಯುಗಾದಿ ಕಳೆಯಿತು, ನಾಗರಪಂಚಮಿ ಬಂತು. ಅವನು ಹೇಳುವನು, ಅವಳು 'ತಪ್ಪು, ಇನ್ನೊಮ್ಮೆ' ಎನ್ನುವಳು.

"ದರ್ಜಿ ರೋಸಿಹೋದ. 'ಏನಿದು ಆಯಿ, ಹಾಡಿದ್ದ ಹಾಡೋ ಕಿಸಬಾಯಿ ದಾಸನಂಗಾತು. ನನಗ ತೋಳು, ಕಾಲರು, ಗುಂಡಿ ಬೇಕಾಗ್ಯಾವ' ಎಂದ.

"'ಅವು ಎಲ್ಲಿ ಓಡಿ ಹೋಗ್ತಾವ? ಮೊದಲ ಇದು ಸರಿ ಆಗ್ಲಿ' ಎಂದಳು ಅಜ್ಜಿ.

"ಅದೇ ವಾರ ಅವಳ ನಾಡಿನ ವ್ಯಾಪಾರಿಯೊಬ್ಬ ಕೋಟು ಹೊಲಿಸಲು ದರ್ಜಿಯ ಅಂಗಡಿಗೆ ಬಂದ. ದರ್ಜಿ ಅವನ ಮುಂದೆ ಆ ನಾಳೆಯ ವಾಕ್ಯ ಹೇಳಿ, ತಪ್ಪೆಲ್ಲಿ ಎಂದು ಕೇಳಿದ. ವ್ಯಾಪಾರಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಹರಕುಮುರುಕು ಹಿಂದಿಯಲ್ಲಿ, 'ತಪ್ಪಿಲ್ಲ. ನನ್ನ ತಾಯಿ ಹೀಗೇ ಕೇಳುತ್ತಿದ್ದಳು' ಎಂದ.

"ದರ್ಜಿಗೆ ಅರ್ಥವಾಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮರುದಿನ ಹೋಗಿ ಆ ವಾಕ್ಯವನ್ನು ಬೇಕೆಂದೇ ತಪ್ಪಾಗಿ ಹೇಳಿದ. ಅಜ್ಜಿ ಅವನ ಮುಖವನ್ನೇ ನೋಡಿದಳು. ಅಷ್ಟು ದಿನ ಸರಿಯಾಗಿ ಹೇಳಿದವನ ತಪ್ಪು ಅವಳಿಗೆ ತಿಳಿಯದೆ ಇದ್ದೀತೇ? ಅವಳು ತಿದ್ದಲಿಲ್ಲ. ಒಳಗೆ ಹೋಗಿ ಗಂಡನ ಹಳೆಯ ಅಂಗಿ ತಂದು ಮುಂದೆ ಹರವಿದಳು. ಇದು ತೋಳು, ಇದು ಕಾಲರು, ಇದು ಗುಂಡಿ ಎಂದು ಶುರುಮಾಡಿದಳು. ಎರಡೂವರೆ ತಿಂಗಳಲ್ಲಿ ಕಲಿಯಬೇಕಾದದ್ದನ್ನೆಲ್ಲ ಕಲಿಸಿದಳು. ದೀಪಾವಳಿಗೆ ಎಂಟು ದಿನ ಇರುವಾಗ ಅವನು ಹೊರಟ. ಬಾಗಿಲಲ್ಲಿ ನಿಂತವಳು ಜೋಪಾನ ಎಂದಳು, ಉಂಡು ಹೋಗು ಎಂದಳು. ಆ ಒಂದು ವಾಕ್ಯ ಮಾತ್ರ ಆಡಲಿಲ್ಲ."

ಚೆನ್ನವೀರ ಕೇಳಿದ: "ಆಮೇಲೆ ಆ ಅಜ್ಜಿ ಯಾರ ಜೊತೆ ಮಾತಾಡಿದಳು?"

ಗುರುಗಳು ಎದುರಿಗಿದ್ದ ಪುಸ್ತಕ ಮುಚ್ಚಿದರು.

"ನಿನ್ನ ಉಚ್ಚಾರ ಸರಿಹೋಗಿ ಎರಡು ವರ್ಷವಾಯಿತು, ಚೆನ್ನವೀರ."