ಖಾಲಿ ಪಿಸ್ತೂಲು

ಒಂದು ವಿಡಿಯೋ ಗೇಮಿನಲ್ಲಿ ಬಾಹ್ಯಾಕಾಶ ನೌಕೆಯನ್ನು ಕಾಯುವ ಸಿಪಾಯಿಯೊಬ್ಬನಿದ್ದ. ಅವನ ಹೆಗಲಲ್ಲಿ ಫಿರಂಗಿ, ಸೊಂಟದಲ್ಲಿ ಪಿಸ್ತೂಲು. ಉಳಿದಿದ್ದು ಒಂದೇ ಜೀವ. ಅದು ಹೋದರೆ ನೌಕೆ ಶತ್ರುಗಳ ಪಾಲು.

ಮೊದಲು ಹಾರುವ ಯಂತ್ರಗಳು ಹಿಂಡಾಗಿ ಬಂದವು. ಪಿಸ್ತೂಲು ಎಲ್ಲವನ್ನೂ ಕೆಡವಿತು, ಅದರ ಗುಂಡುಗಳು ಮುಗಿದವು. ಆಮೇಲೆ ಗುರಾಣಿ ಹಿಡಿದ ರೋಬೋಟುಗಳು ಬಂದವು. ಫಿರಂಗಿ ಅವನ್ನು ಪುಡಿ ಮಾಡಿತು, ಅದರಲ್ಲಿ ಒಂದೇ ಗುಂಡು ಉಳಿಯಿತು.

ಕೊನೆಗೆ ಬಂದವನು ಕುರುಡು ದೈತ್ಯ. ಸದ್ದಾದ ಕಡೆಗೆ ನುಗ್ಗುವವನು. ಎದೆಗೆ ಉಕ್ಕಿನ ಕವಚವಿತ್ತು, ಬೆನ್ನಿಗೆ ಏನೂ ಇರಲಿಲ್ಲ.

ಫಿರಂಗಿ ಪಿಸ್ತೂಲಿಗೆ ಪಿಸುಗುಟ್ಟಿತು: "ತಮ್ಮಾ, ನೀನು ಖಾಲಿ. ಸುಮ್ಮನೆ ಭಾರ. ಇಳಿದುಬಿಡು."

"ಇಳಿಯುತ್ತೇನೆ ಅಣ್ಣ. ಎಲ್ಲಿ ಬೀಳಬೇಕೆಂದು ಮಾತ್ರ ನಾನೇ ಹೇಳುತ್ತೇನೆ" ಎಂದ ಪಿಸ್ತೂಲು ಸಿಪಾಯಿಯ ಕಡೆ ತಿರುಗಿತು. "ನನ್ನನ್ನು ಅವನ ತಲೆಯ ಮೇಲಿಂದ ಆಚೆಗೆ ಎಸೆಯಪ್ಪ. ಅಲ್ಲಿ ಕಬ್ಬಿಣದ ನೆಲವಿದೆ."

ಸಿಪಾಯಿ ಎಸೆದ. ಪಿಸ್ತೂಲು ಠಣ್ಣೆಂದು ಬಿತ್ತು. ದೈತ್ಯ ಸದ್ದಿನತ್ತ ತಿರುಗಿದ, ಬೆನ್ನು ಸಿಕ್ಕಿತು. ಫಿರಂಗಿ ಕೊನೆಯ ಗುಂಡು ಹಾರಿಸಿತು. ದೈತ್ಯ ಬೋರಲು ಬಿದ್ದ. ನೌಕೆ ಉಳಿಯಿತು.

ಸಿಪಾಯಿ ಹೋಗಿ ಪಿಸ್ತೂಲನ್ನು ಎತ್ತಿ, ಒರೆಸಿ, ಮತ್ತೆ ಸೊಂಟಕ್ಕೆ ಸಿಕ್ಕಿಸಿದ.

"ನನ್ನ ಏಟು ನೋಡಿದೆಯಾ?" ಎಂದಿತು ಫಿರಂಗಿ.

"ನೋಡಿದೆ ಅಣ್ಣ. ಈಗ ನೀವೂ ಖಾಲಿ. ಇನ್ನೊಬ್ಬ ದೈತ್ಯ ಬಂದರೆ ನಿಮ್ಮನ್ನು ಎಸೆಯಲು ನಾಲ್ವರು ಸಿಪಾಯಿಗಳು ಬೇಕು."

ಫಿರಂಗಿ ಮತ್ತೆಂದೂ ಭಾರದ ಮಾತೆತ್ತಲಿಲ್ಲ.