ಹಸಿರು ಲಂಗದ ಎರಡು ಚುಕ್ಕೆ

"ಗುರುಗಳೇ, ಕೆಳಬೀದಿಯ ನೇಕಾರಗಿತ್ತಿಯ ಮಗ ತೀರಿಕೊಂಡ. ನಿನ್ನೆ ಹೋಗಿ, 'ತಾಯಿ, ಹತ್ತಿರದಿಂದ ನೋಡಿದರೆ ದುಃಖ. ದೂರ ನಿಂತು ನೋಡಿದರೆ ಎಲ್ಲವೂ ದೇವರ ದೊಡ್ಡ ಚಿತ್ರದ ಭಾಗ' ಎಂದೆ. ಆಕೆ ಬಾಗಿಲು ಹಾಕಿಕೊಂಡಳು. ನಾನು ಹೇಳಿದ್ದರಲ್ಲಿ ತಪ್ಪೇನಿದೆ?" ಎಂದು ಶಿಷ್ಯ ಕೇಳಿದ.

"ಹೇಳುವುದನ್ನೆಲ್ಲ ಹೇಳಿ ಮುಗಿಸಿ ಈಗ ಕೇಳುತ್ತೀಯ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಇರಲಿ, ಕೂತುಕೋ," ಎಂದು ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಗಾರನಿದ್ದ. ಅವನು ಗೆರೆ ಎಳೆಯುತ್ತಿರಲಿಲ್ಲ, ಬಣ್ಣ ಬಳಿಯುತ್ತಿರಲಿಲ್ಲ. ಕುಂಚದ ತುದಿಯಿಂದ ಚುಕ್ಕೆ ಇಡುತ್ತಿದ್ದ, ಅಷ್ಟೇ. ಪೇಟೆ ಚೌಕದ ಎದುರಿನ ಮಹಡಿಯಲ್ಲಿ ಕೂತು ಆರು ವರ್ಷ ಚುಕ್ಕೆ ಇಟ್ಟ. ಹೂವಿನವರು, ಗಾಡಿಯವರು, ಜಗಳವಾಡುವವರು, ಎಲ್ಲರೂ ಚುಕ್ಕೆಯಾದರು. ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರೆ ಚೌಕ ಗಿಜಿಗುಡುತ್ತಿತ್ತು. "ಒಂದು ಚುಕ್ಕೆ ಕಡಿಮೆಯಾದರೂ ಚೌಕ ಸತ್ತಂತೆ," ಎಂದು ಜಂಬ ಕೊಚ್ಚುತ್ತಿದ್ದ. ನಿನ್ನಂಥವನೇ.

ಒಂದು ದಿನ ಒಬ್ಬ ಹೆಂಗಸು ಬಂದಳು. ಅವಳ ಮಗಳು ಆ ಚೌಕದಲ್ಲಿ ನಿಂಬೆಹಣ್ಣು ಮಾರುತ್ತಿದ್ದವಳು, ಹಿಂದಿನ ವರ್ಷ ಜ್ವರ ಬಂದು ಸತ್ತಿದ್ದಳು. ಮಗಳ ಮುಖ ಮರೆತುಹೋಗುತ್ತಿದೆ ಎಂಬುದೇ ತಾಯಿಯ ಸಂಕಟ.

"ನಮ್ಮ ಹಾಲವ್ವನನ್ನೂ ಬರೆದಿದ್ದೀಯಂತೆ. ಹಸಿರು ಲಂಗದವಳು. ಒಂದು ಸಲ ತೋರಿಸಪ್ಪ," ಎಂದಳು.

ದೂರದಿಂದ ಬಾವಿಕಟ್ಟೆಯ ಪಕ್ಕ ಅವಳಿಗೆ ಹಸಿರು ಕಂಡಿತು, ಮುಖ ಕಾಣಲಿಲ್ಲ. ಓಡಿ ಹತ್ತಿರ ಹೋದಳು. ಅಲ್ಲಿ ಹಸಿರೇ ಇರಲಿಲ್ಲ. ಒಂದು ಹಳದಿ ಚುಕ್ಕೆ, ಪಕ್ಕದಲ್ಲಿ ಒಂದು ನೀಲಿ ಚುಕ್ಕೆ.

"ದೂರ ನಿಂತರೆ ಅವೆರಡೂ ಸೇರಿ ಹಸಿರಾಗುತ್ತವೆ ತಾಯಿ. ನಮ್ಮ ಕಸುಬೇ ಹಾಗೆ," ಎಂದ ಚಿತ್ರಗಾರ.

ಆಕೆ ಹಿಂದೆ ಹೋದಳು, ಮುಂದೆ ಬಂದಳು. ಎಲ್ಲಿ ನಿಂತರೂ ಮಗಳು ಸಿಗಲಿಲ್ಲ. ಕೊನೆಗೆ ನೆಲದ ಮೇಲೆ ಕೂತು ಅತ್ತಳು.

ಚಿತ್ರಗಾರ ಮರುಗಿದ. ಸಮಾಧಾನ ಮಾಡಲು ಹೋದ. "ನಿನ್ನ ಮಗಳಿಲ್ಲದೆ ಈ ಚೌಕವೇ ಇಲ್ಲ, ಬೇಕಾದರೆ ನೋಡು," ಎಂದು ಆ ಎರಡು ಚುಕ್ಕೆಗಳನ್ನು ಉಗುರಿನಿಂದ ಕೆರೆದು ತೆಗೆದ. ಇಬ್ಬರೂ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತರು. ಚೌಕ ಮೊದಲಿನ ಹಾಗೆಯೇ ಗಿಜಿಗುಡುತ್ತಿತ್ತು.

ಆಕೆ ಹೊರಟುಹೋದಳು. ಅವನು ಆ ಚುಕ್ಕೆಗಳನ್ನು ಮತ್ತೆ ಇಡೋಣವೆಂದು ಕುಂಚ ತೆಗೆದುಕೊಂಡ. ಎಲ್ಲಿ ಇಡಬೇಕೆಂದು ಅವನಿಗೇ ಗೊತ್ತಾಗಲಿಲ್ಲ.

ಶಿಷ್ಯ ತಲೆ ತಗ್ಗಿಸಿ, "ಹಾಗಾದರೆ ನಾಳೆ ಹೋಗಿ ಆ ತಾಯಿಗೆ ಏನು ಹೇಳಲಿ?" ಎಂದ.

"ಹೇಳುವುದು ಆಮೇಲಾಯಿತು, ಸತ್ತ ಹುಡುಗನ ಹೆಸರೇನು?" ಎಂದು ಗುರುಗಳು ಕೇಳಿದರು.